ಕಾದಂಬರಿಯ ಮಾತನ್ನು ಚರಿತ್ರೆಯೆಂದು ನಂಬುವುದೇಕೆ?

ತೀರ್ಥಹಳ್ಳಿಯ ಓದುಗ:
ನಮ್ಮ ಓದುಗರ ಕೂಟದಲ್ಲಿ ಡ್ಯಾನ್ ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ ಕಾದಂಬರಿ ಚರ್ಚೆಗೆ ಬಂದಿತ್ತು. ಕಾಡಂಚಿನ ಗ್ರಾಮದೇವತೆ ಚೌಡಿಗೆ ಕೋಳಿ ಒಪ್ಪಿಸುವುದನ್ನು ಮೂಢನಂಬಿಕೆಯೆಂದು ಖಂಡಿಸುವ ಪದವೀಧರರೇ, ಯೇಸುವಿಗೆ ಸಂತಾನವಿತ್ತು, ಚರ್ಚು ಅದನ್ನು ಮುಚ್ಚಿಟ್ಟಿತು ಎಂಬ ಆ ಕಾದಂಬರಿಯ ಕಥೆಯನ್ನು ಸಾಬೀತಾದ ಸಂಗತಿಯಂತೆ ವಾದಿಸಿದರು. ದೇವರನ್ನೇ ಪ್ರಶ್ನಿಸುವವರು ಕಾದಂಬರಿಕಾರನನ್ನು ಪ್ರಶ್ನಿಸದಿರಲು ಕಾರಣವೇನು?

ಸಾಗರದ ಇತಿಹಾಸ ಅಧ್ಯಾಪಕಿ:
ಆ ಕಾದಂಬರಿ 2003ರಲ್ಲಿ ಪ್ರಕಟವಾಯಿತು. ಕಥೆ ಆರಂಭವಾಗುವ ಮೊದಲೇ ‘ವಾಸ್ತವಾಂಶ’ ಎಂಬ ಪುಟವೊಂದಿದ್ದು, ಕಥೆಯಲ್ಲಿ ಈ ರಹಸ್ಯವನ್ನು ಕಾಯುವ ‘ಪ್ರಯರಿ ಆಫ್ ಸಿಯೋನ್’ 1099ರಲ್ಲಿ ಸ್ಥಾಪಿತವಾದ ನಿಜವಾದ ರಹಸ್ಯ ಸಂಘವೆಂದು ಅಲ್ಲಿ ಘೋಷಿಸಲಾಗಿದೆ. ಆದರೆ ಆ ಹೆಸರಿನ ಸಂಘವನ್ನು ಪಿಯರ್ ಪ್ಲಾಂಟಾರ್ ಎಂಬಾತ ಫ್ರಾನ್ಸಿನಲ್ಲಿ ನೋಂದಾಯಿಸಿದ್ದು 1956ರಲ್ಲಿ. ಅದರ ಪುರಾತನತೆಗೆ ಆಧಾರವೆಂದು ತೋರಿಸುವ ಕಾಗದಗಳು 1960ರ ದಶಕದಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿಸಿದ ನಕಲಿ ದಾಖಲೆಗಳು. ಯೇಸುವಿನ ದೈವತ್ವವನ್ನು 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ಅಲ್ಪ ಅಂತರದ ಮತದಿಂದ ತೀರ್ಮಾನಿಸಿತೆಂದು ಕಾದಂಬರಿಯ ಪಾತ್ರ ಹೇಳುತ್ತದೆ. ಅಲ್ಲಿ ನೆರೆದಿದ್ದ ನೂರಾರು ಬಿಷಪ್ಪರಲ್ಲಿ ಆ ದೈವತ್ವವನ್ನು ಸಾರಿದ ವಿಶ್ವಾಸ ಘೋಷಣೆಗೆ ಕೊನೆಗೂ ಸಹಿ ಹಾಕಲು ಒಪ್ಪದವರು ಇಬ್ಬರೇ. ಗ್ರಂಥಾಲಯ, ಇಸವಿ, ಪ್ರಸಿದ್ಧ ವರ್ಣಚಿತ್ರ ಇವೆಲ್ಲ ನಿಜವಾಗಿದ್ದಾಗ ನಡುವೆ ಸೇರಿಸಿದ ಕಲ್ಪನೆಗೂ ಅದೇ ಗೌರವ ಸಿಕ್ಕಿಬಿಡುತ್ತದೆ.

ಹೊಸನಗರದ ಕೃಷಿಕ:
ಚೌಡಿಯನ್ನು ಈ ಮಾತಿಗೆ ಎಳೆದು ತಂದದ್ದು ನನಗೆ ಸರಿಕಾಣಲಿಲ್ಲ. ತೋಟ, ದನಕರು, ಮನೆಮಂದಿ ಕ್ಷೇಮವಾಗಿರಲೆಂದು ಹರಕೆ ಒಪ್ಪಿಸುವವನು ಚರಿತ್ರೆಯ ಬಗ್ಗೆ ಯಾವ ವಾದವನ್ನೂ ಹೂಡುತ್ತಿಲ್ಲ. 1975ರಲ್ಲಿ ‘ಜೈ ಸಂತೋಷಿ ಮಾ’ ಚಿತ್ರ ಬಂದಾಗ ಜನ ಚಿತ್ರಮಂದಿರದೊಳಗೆ ಚಪ್ಪಲಿ ಕಳಚಿ ಕುಳಿತರು, ಪರದೆಯತ್ತ ಹೂವು, ನಾಣ್ಯ ಎಸೆದರು. ಅಷ್ಟಾಗಿ ಪರಿಚಯವಿಲ್ಲದಿದ್ದ ದೇವಿಗೆ ಊರೂರಲ್ಲಿ ವ್ರತ ಶುರುವಾಯಿತು. ಅವರಿಗೆ ತಾವು ಭಕ್ತರೆಂಬುದು ತಿಳಿದಿತ್ತು. ನಿಮ್ಮ ಪದವೀಧರರಾದರೋ ನಂಬಿಕೆಯಿಂದ ಬಿಡುಗಡೆಯಾಗಿದ್ದೇವೆಂದೇ ಭಾವಿಸಿ ನಂಬುತ್ತಿದ್ದಾರೆ. ಚರ್ಚಿನ ಮೇಲಿನ ಅವಿಶ್ವಾಸವೇ ಅವರಿಗೆ ಪುರಾವೆಯಾಗಿದೆ, ಆದ್ದರಿಂದ ಬೇರೆ ಪುರಾವೆ ಕೇಳುವ ಅಗತ್ಯವೇ ಅವರಿಗೆ ಕಾಣುವುದಿಲ್ಲ.

ಶಿವಮೊಗ್ಗದ ಗ್ರಂಥಪಾಲಕ:
ಕೃಷಿಕರ ಕೊನೆಯ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಪುರಾವೆ ಕೇಳುವ ಈ ಪರೀಕ್ಷೆಯನ್ನು ನಮ್ಮ ನೆಲದ ಕಥೆಗಳಿಗೂ ಅನ್ವಯಿಸಬೇಕು. ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಚೆನ್ನಮ್ಮ 1689ರಲ್ಲಿ ಆಶ್ರಯ ಕೊಟ್ಟದ್ದು ಚರಿತ್ರೆ. ಆ ಸಂದರ್ಭದಲ್ಲಿ ಆಕೆ ಆಡಿದಳೆಂದು ನಾವು ಭಾಷಣಗಳಲ್ಲಿ ಉದ್ಧರಿಸುವ ಮಾತುಗಳಲ್ಲಿ ಬಹುಪಾಲು ನಾಟಕ, ಕಾದಂಬರಿಗಳ ಕೊಡುಗೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಅಚ್ಚಾಗಿ ಲಭ್ಯವಿದೆ, ಆದರೆ ಅದೂ ಅರಮನೆಯನ್ನು ಹೊಗಳುವ ಕಾವ್ಯವಾದ್ದರಿಂದ ಶಾಸನಗಳ ಜೊತೆಗಿಟ್ಟು ಓದಬೇಕಾಗುತ್ತದೆ. ನಿಮ್ಮ ಕೂಟ ಮುಂದಿನ ಸಲ ಚೆನ್ನಮ್ಮನ ಕುರಿತ ಯಾವುದಾದರೂ ಕಾದಂಬರಿಯನ್ನು ಈ ಕಾವ್ಯದ ಆ ಭಾಗದೊಂದಿಗೆ ಓದುವುದಾದರೆ ಪ್ರತಿಗಳನ್ನು ಹುಡುಕಿಕೊಡಲು ನಾನು ಸಿದ್ಧನಿದ್ದೇನೆ.