ರಿಪೋರ್ಟ್ ಎಲ್ಲಾ ನಾರ್ಮಲ್, ಹೊಟ್ಟೆ ಮಾತ್ರ ಸರಿ ಇಲ್ಲ. ಇದು ಮನಸ್ಸಿನದ್ದಾ?

ಆಲ್ದೂರು ತೋಟದವನು:
ನಮ್ಮದು ಆಲ್ದೂರು ಹತ್ತಿರ ನಾಲ್ಕು ಎಕರೆ ಕಾಫಿ. ಎರಡು ವರ್ಷದ ಹಿಂದೆ ಕಣದಲ್ಲಿ ಹಣ್ಣು ಒಣಗಲು ಹಾಕಿದ್ದಾಗ ಮಳೆ ಹಿಡಿದು ಅರ್ಧಕ್ಕರ್ಧ ಹಾಳಾಯಿತು. ನನ್ನ ಹೊಟ್ಟೆ ಕೆಟ್ಟಿದ್ದು ಆಗಲೇ. ಬೆಳಿಗ್ಗೆ ಎದ್ದ ಕೂಡಲೇ ಮೂರು ನಾಲ್ಕು ಸಲ ಓಡಬೇಕು, ಹೊಟ್ಟೆ ಉಬ್ಬರ, ಕೆಳಹೊಟ್ಟೆ ಹಿಂಡಿದ ಹಾಗೆ. ಸಾಲದ ವಿಷಯಕ್ಕೆ ಬ್ಯಾಂಕಿಗೆ ಹೋಗುವ ದಿನ ಇನ್ನೂ ಜಾಸ್ತಿ. ಚಿಕ್ಕಮಗಳೂರಿಗೆ ಬಸ್ ಹತ್ತೋದಕ್ಕೇ ಭಯ. ರಕ್ತ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಸರಿ ಇದೆ. ಡಾಕ್ಟರು ಐಬಿಎಸ್ (ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ಕಿರಿಕಿರಿ ಮಾಡುವ ತೊಂದರೆ) ಅಂತ ಹೇಳಿ, ಮನಸ್ಸಿನ ಕಾಯಿಲೆಗೆ ಕೊಡುವ ಮಾತ್ರೆ ಬರೆದಿದ್ದಾರೆ. ಮನೆಯಲ್ಲಿ "ನಿನಗೇನೂ ಆಗಿಲ್ಲ, ಸುಮ್ನೆ ಯೋಚನೆ ಮಾಡ್ತೀಯ" ಅಂತಾರೆ. ನಿದ್ದೆ ಇಲ್ಲ, ಯಾರ ಹತ್ತಿರವೂ ಮಾತು ಬೇಡ ಅನ್ನಿಸುತ್ತದೆ. ಮನಸ್ಸು ಹೊಟ್ಟೆಯನ್ನು ಕೆಡಿಸಿತಾ, ಹೊಟ್ಟೆ ಮನಸ್ಸನ್ನು ಕೆಡಿಸಿತಾ? ಮಾತ್ರೆ ಇನ್ನೂ ಬೀರುವಿನಲ್ಲೇ ಇದೆ.

ಹಾಸನದ ನರ್ಸ್:
ಅಣ್ಣಾ, ರಿಪೋರ್ಟ್ ನಾರ್ಮಲ್ ಅಂದರೆ ನೋವು ಸುಳ್ಳು ಅಂತಲ್ಲ. ಇದನ್ನು ಮೊದಲು ಮನೆಯವರಿಗೆ ಹೇಳಿ. ಕರುಳಿನ ಗೋಡೆಯಲ್ಲೇ ಕೋಟಿಗಟ್ಟಲೆ ನರಕೋಶಗಳಿವೆ. ಮಿದುಳಿನಿಂದ ಹೊಟ್ಟೆವರೆಗೆ ವೇಗಸ್ ಅಂತ ಒಂದು ನರ ಇಳಿಯುತ್ತದೆ, ಅದರ ಎಳೆಗಳಲ್ಲಿ ಹೆಚ್ಚಿನವು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಭಯವಾದಾಗ ಮಿದುಳು ಕರುಳಿನ ಓಟ ಬದಲಿಸುತ್ತದೆ, ಕರುಳು ಕಿರಿಕಿರಿ ಮಾಡಿದಾಗ ಆ ಸುದ್ದಿ ಮೇಲೆ ಹೋಗಿ ಮನಸ್ಸೂ ಕೆಡುತ್ತದೆ. ಐಬಿಎಸ್‌ನಲ್ಲಿ ಕರುಳಿನ ನರ ಸೂಕ್ಷ್ಮ ಆಗಿರುತ್ತದೆ, ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನಿಮಗೆ ನೋವು. ಹಾಗಾಗಿ ಯಾವುದು ಮೊದಲು ಅಂತ ಹುಡುಕಿ ಸುಸ್ತಾಗಬೇಡಿ, ಎರಡಕ್ಕೂ ಒಟ್ಟಿಗೇ ಮದ್ದು ಮಾಡಬೇಕು.

ಇನ್ನು ಮಾತ್ರೆ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳನ್ನೇ ಕಡಿಮೆ ಡೋಸ್‌ನಲ್ಲಿ ಕರುಳಿನ ನೋವಿಗೂ ಕೊಡುತ್ತಾರೆ. ನಿಮಗೆ ಬರೆದಿದ್ದು ಯಾಕೆ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ. ಶುರು ಮಾಡಿದ ಮೇಲೆ ನೀವಾಗೇ ನಿಲ್ಲಿಸಬೇಡಿ.

ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ಇದರಲ್ಲಿ ಒಂದಿದ್ದರೂ ತಡ ಮಾಡದೆ ಮತ್ತೆ ತೋರಿಸಿ.

ಬೇಲೂರು ವಿಜ್ಞಾನದ ಮೇಷ್ಟ್ರು:
ಕರುಳು ಚುರ್ ಅಂತು ಅಂತ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಅಮೆರಿಕದ ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಅದನ್ನು ಕಣ್ಣಾರೆ ನೋಡಿದರು. ಗುಂಡೇಟಿನಿಂದ ಹೊಟ್ಟೆಯಲ್ಲಿ ರಂಧ್ರ ಉಳಿದಿದ್ದ ಒಬ್ಬನ ಜಠರವನ್ನು ವರ್ಷಗಟ್ಟಲೆ ಗಮನಿಸಿ, ಅವನಿಗೆ ಸಿಟ್ಟು ಬಂದಾಗ ಒಳಗೆ ಬದಲಾಗುವುದನ್ನು 1833ರಲ್ಲೇ ಬರೆದಿಟ್ಟರು.

ಸೆರೊಟೋನಿನ್ ಕರುಳಲ್ಲೇ ಆಗುವುದು, ಹಾಗಾಗಿ ಮೊಸರು ತಿಂದರೆ ದುಃಖ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ, ನಂಬಬೇಡಿ. ಸೆರೊಟೋನಿನ್ ಅಂದರೆ ನರಗಳ ನಡುವೆ ಸುದ್ದಿ ಒಯ್ಯುವ, ಮನಸ್ಥಿತಿಗೂ ಸಂಬಂಧ ಇರುವ ಒಂದು ರಾಸಾಯನಿಕ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ನೂರಕ್ಕೆ 90 ಭಾಗ ಕರುಳಲ್ಲೇ ಆಗುವುದು ನಿಜ, ಆದರೆ ಅದು ಹಾಗೇ ಮಿದುಳಿಗೆ ಹೋಗುವುದಿಲ್ಲ. ಅಷ್ಟು ಸುಲಭ ಅಲ್ಲ. ಕರುಳಿನ ಸೂಕ್ಷ್ಮಜೀವಿಗಳಿಗೂ ಒತ್ತಡಕ್ಕೂ ನಂಟು ಇರಬಹುದು ಅನ್ನುವುದಕ್ಕೆ ಇಲಿಗಳ ಪ್ರಯೋಗ ಇದೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಒತ್ತಡವಾದಾಗ ಒತ್ತಡದ ಹಾರ್ಮೋನ್ ಅತಿಯಾಗಿ ಏರುತ್ತದೆ ಅಂತ ಜಪಾನಿನವರು 2004ರಲ್ಲಿ ತೋರಿಸಿದ್ದಾರೆ. ಇಲಿಯಲ್ಲಿ ಕಂಡಿದ್ದೆಲ್ಲ ನಮಗೂ ಹಾಗೇ ಆಗಬೇಕಿಲ್ಲ ಅಲ್ವಾ?

ಮಲ್ನಾಡ್ ಅಕ್ಕ:
ನನಗೂ ಇದೇ ಇತ್ತು. ನನಗೆ ಗೊತ್ತಾಗಿದ್ದು ಬರೆದಿಟ್ಟುಕೊಂಡ ಮೇಲೆ. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ತಿಂದಿದ್ದು, ನಿದ್ದೆ, ಆ ದಿನದ ತಲೆಬಿಸಿ, ಹೊಟ್ಟೆ ಹೇಗಿತ್ತು ಎಲ್ಲ ಬರೆದೆ. ಈರುಳ್ಳಿ ಹಾಕಿದ ಅಕ್ಕಿರೊಟ್ಟಿ ಮತ್ತು ಹುರುಳಿ ಸಾರು ಆಗುತ್ತಿರಲಿಲ್ಲ, ಖಾಲಿ ಹೊಟ್ಟೆಗೆ ಕಾಫಿ ಕುಡಿದರಂತೂ ಓಟವೇ. ತೋಟದವರಿಗೆ ಕಾಫಿ ಬಿಡಿ ಅನ್ನುವುದು ಕಷ್ಟ, ನಾನು ತಿಂಡಿ ಆದ ಮೇಲೆ ಒಂದೇ ಲೋಟಕ್ಕೆ ಇಳಿಸಿದೆ. ನಿಮಗೆ ಆಗದಿರುವುದು ಬೇರೆಯೇ ಇರಬಹುದು, ನನ್ನದು ನೋಡಿ ಎಲ್ಲ ಬಿಟ್ಟುಬಿಡಬೇಡಿ. ಜೊತೆಗೆ ಕೌನ್ಸೆಲಿಂಗ್‌ಗೂ ಹೋದೆ, ಬಸ್ಸಿನ ಭಯ ಕಡಿಮೆ ಆಗಿದ್ದು ಅದರಿಂದಲೇ. ದೂರ ಹೋಗಲು ಆಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಮನಸ್ಸಿನ ತೊಂದರೆಗೆ ಇರುವ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ.

ಆಲ್ದೂರು ತೋಟದವನು:
ನರ್ಸಮ್ಮ, ರಕ್ತ ಇಲ್ಲ, ತೂಕ ಎರಡು ಕೆಜಿ ಇಳಿದಿದೆ. ನಾನು ಊಟ ಬಿಡುತ್ತಿದ್ದರಿಂದ ಇರಬಹುದು, ಆದರೂ ಸೋಮವಾರ ಹೋಗಿ ಹೇಳುತ್ತೇನೆ, ಮಾತ್ರೆಯದ್ದೂ ಕೇಳುತ್ತೇನೆ. ನೀವು ಬರೆದಿದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರ ನಾನೂ ಬರುತ್ತೇನೆ ಅಂದಳು.