ಕರೆಂಟು ಹೋಗಿ ಬಂದಾಗ ಟಾಸ್ಮೋಟ ರಿಲೇ ಸ್ವಿಚ್ಚಿನ ಸೆಟ್ಟಿಂಗ್ ಅಳಿಸಿಹೋಗುತ್ತಿದೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಣಿಪಾಲದ ಸಮೀಪವಿರುವ ನಮ್ಮ ಮನೆಯ ಸ್ವಿಚ್‌ಬೋರ್ಡಿನೊಳಗೆ ಕೂರಿಸಿರುವ, ಇಎಸ್‌ಪಿ8266 ಎಂಬ ವೈಫೈ ಚಿಪ್ಪಿನ, ನಾಲ್ಕು ರಿಲೇಗಳ (ಚಿಪ್ಪಿನ ಆದೇಶದಂತೆ ದೀಪ ಹೊತ್ತಿಸಿ ಆರಿಸುವ ಸ್ವಿಚ್ಚುಗಳ) ಮಾಡ್ಯೂಲಿಗೆ ಟಾಸ್ಮೋಟ ಎಂಬ ಫರ್ಮ್‌ವೇರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಹಾಕಿದ್ದೇನೆ. ಮನೆಯ ವಿದ್ಯುತ್ತಿನಿಂದ ಪೂರ್ತಿ ಬೇರ್ಪಡಿಸಿ, ಸೀರಿಯಲ್ ಅಡಾಪ್ಟರಿನ 3.3 ವೋಲ್ಟಿನಲ್ಲೇ ಫ್ಲ್ಯಾಶ್ ಮಾಡಿದೆ (ಅಂದರೆ ತಂತ್ರಾಂಶವನ್ನು ಚಿಪ್ಪಿಗೆ ಬರೆದೆ). ಒಂದು ರಿಲೇ ತಿರುವುಮುರುವಾಗಿ ನಡೆಯುತ್ತಿತ್ತು. ಯಾವ ಪಿನ್ನಿಗೆ ಯಾವ ಕೆಲಸವೆಂದು ತಿಳಿಸುವ ಟೆಂಪ್ಲೇಟಿನಲ್ಲಿ ಅದನ್ನು 'ರಿಲೇ_ಐ' (ತಿರುವುಮುರುವು ರಿಲೇ) ಎಂದು ಬದಲಿಸಿದ ಮೇಲೆ ಸರಿಹೋಯಿತು.

ನಿಜವಾದ ತೊಂದರೆ ಮಳೆಗಾಲದ್ದು. ಗಾಳಿಮಳೆಗೆ ಕರೆಂಟು ಕೆಲವೇ ಸೆಕೆಂಡುಗಳ ಅಂತರದಲ್ಲಿ ಪದೇಪದೇ ಹೋಗಿ ಬಂದರೆ, ವೈಫೈ ಹೆಸರು, ಟೆಂಪ್ಲೇಟ್ ಎಲ್ಲವೂ ಅಳಿಸಿಹೋಗಿ ಮಾಡ್ಯೂಲು ಹೊಸದರಂತೆ ಏಳುತ್ತದೆ. 10 ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಆರು ಸಲ ವಿದ್ಯುತ್ ತೆಗೆದು ಕೊಟ್ಟು, ಏಳನೆಯ ಸಲ ಹಾಗೆಯೇ ಬಿಟ್ಟರೆ ಸೆಟ್ಟಿಂಗುಗಳನ್ನು ಮೂಲಸ್ಥಿತಿಗೆ ತರುವ ವ್ಯವಸ್ಥೆ ಟಾಸ್ಮೋಟದಲ್ಲಿ ಇರುವುದರಿಂದ, ಅದೇ ಕಾರಣವೆಂದು ನನ್ನ ಬಲವಾದ ಅನುಮಾನ. 'ಸೆಟ್‌ಆಪ್ಷನ್65 1' ಆದೇಶ ಕೊಟ್ಟರೆ ಇದು ನಿಲ್ಲುತ್ತದೆ. ಆದರೆ ಮುಂದೆ ವೈಫೈ ಪಾಸ್‌ವರ್ಡ್ ತಪ್ಪಿದರೆ ಗೋಡೆಯಿಂದ ಬಿಚ್ಚದೆ ಮಾಡ್ಯೂಲನ್ನು ಉಳಿಸಿಕೊಳ್ಳುವ ದಾರಿ ಯಾವುದು?

ಇನ್ನೊಂದು ಪ್ರಶ್ನೆ. ಜಗಲಿಯ ದೀಪದ ಗೋಡೆ ಸ್ವಿಚ್ಚು ಚಿಪ್ಪಿನ ಜಿಪಿಐಒ0 ಎಂಬ ಪಿನ್ನಿಗೆ ಸೇರಿದೆ. ಸ್ವಿಚ್ಚು ಒತ್ತಿದ ಸ್ಥಿತಿಯಲ್ಲಿರುವಾಗ ಕರೆಂಟು ಬಂದರೆ ಆ ಪಿನ್ನು ಗ್ರೌಂಡಿಗೆ ಇಳಿದಿರುವ ಕಾರಣ ಚಿಪ್ಪು ಫ್ಲ್ಯಾಶ್ ಸ್ಥಿತಿಗೆ (ಹೊಸ ತಂತ್ರಾಂಶಕ್ಕಾಗಿ ಕಾಯುವ ಸ್ಥಿತಿಗೆ) ಹೋಗಿ, ಯಾವ ದೀಪವೂ ಉರಿಯುವುದಿಲ್ಲ. ವಯಸ್ಸಾದ ತಂದೆತಾಯಿ ಕತ್ತಲಲ್ಲಿ ಉಳಿಯುವುದು ನನಗೆ ದೊಡ್ಡ ಚಿಂತೆ. ಈ ತಂತಿಯನ್ನು ಖಾಲಿಯಿರುವ ಜಿಪಿಐಒ14ಕ್ಕೆ ಬದಲಿಸಿ, 10 ಕಿಲೋಓಮ್ ಪುಲ್‌ಅಪ್ (ಪಿನ್ನನ್ನು 3.3 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಹಾಕಿದರೆ ಸಾಕೇ? ಕರಾವಳಿಯ ಮಳೆಗಾಲದಲ್ಲಿ ಇಂಥ ಮಾಡ್ಯೂಲು ನಡೆಸುತ್ತಿರುವವರು ದಯವಿಟ್ಟು ತಿಳಿಸಬೇಕು; ಕನ್ಸೋಲ್ ಲಾಗ್ ಬೇಕಿದ್ದರೆ ಕೂಡಲೇ ಹಾಕುತ್ತೇನೆ.