ಗೋವಿನಜೋಳ: ನಾಲ್ಕು ಕಡೆ ಇಳುವರಿ ನೋಡಿ ಯಾವ ಹೈಬ್ರಿಡ್ ಆರಿಸಬೇಕು?

ಪ್ರಶ್ನೆ (ಮುಧೋಳ):
ಈ ಮುಂಗಾರಿಗೆ ನಮ್ಮ ರೈತರ ಗುಂಪಿನಿಂದ ಮೂರು ಹೈಬ್ರಿಡ್ ಹಾಕಿದ್ದೆವು. ಮುಧೋಳದಲ್ಲಿ ಕಾಲುವೆ ನೀರು, ಗೋಕಾಕದಲ್ಲಿ ಬೋರು, ಬೈಲಹೊಂಗಲದಲ್ಲಿ ಎರೆ ಭೂಮಿ, ಸಿಂದಗಿಯಲ್ಲಿ ತೆಳು ಮಣ್ಣು. ಕೊನೆಯ ಎರಡೂ ಮಳೆ ನಂಬಿದ್ದು. ಇದೇ ಕ್ರಮದಲ್ಲಿ ಎಕರೆಗೆ ಕ್ವಿಂಟಲ್:

ಅ: 34, 30, 22, 12
ಆ: 28, 26, 22, 17
ಇ: 27, 24, 17, 13

ಅ ಸರಾಸರಿ 24.5, ಆ 23.25. ಎಲ್ಲರಿಗೂ ಅ ಬೀಜವನ್ನೇ ತರಿಸಿದರೆ ನಡೆಯುತ್ತದೆಯೇ?

ಉತ್ತರ (ಗೋಕಾಕ):
ಬೇಡ್ರಿ. ಸಿಂದಗಿಯವರಿಗೆ ಎಕರೆಗೆ ಐದು ಕ್ವಿಂಟಲ್ ಹೊಡೆತ ಬೀಳುತ್ತದೆ. ಬೇರೆ ಬೇರೆ ಜಾಗದಲ್ಲಿ ತಳಿ ಎಷ್ಟು ಸ್ಥಿರ ಎಂದು ಅಳೆಯಲು ವಿಜ್ಞಾನಿಗಳಾದ ಎಬರ್‌ಹಾರ್ಟ್ ಮತ್ತು ರಸೆಲ್ 1966ರಲ್ಲಿ ಕೊಟ್ಟ ವಿಧಾನ ಹಚ್ಚಿ ನೋಡಿ. ಮೊದಲು ಪ್ರತಿ ಜಾಗದ ಸರಾಸರಿ ತೆಗೆಯಿರಿ: 29.7, 26.7, 20.3, 14. ಈ ಸರಾಸರಿ ಒಂದು ಕ್ವಿಂಟಲ್ ಏರಿದಾಗ ಅ 1.39 ಏರುತ್ತದೆ, ಆ 0.70, ಇ 0.91. ಅಂದರೆ ಅ ನೀರು-ಗೊಬ್ಬರಕ್ಕೆ ಚೆನ್ನಾಗಿ ಒಲಿಯುವ ತಳಿ, ಆ ಬರಗೆಟ್ಟ ಹೊಲದಲ್ಲೂ ತಡೆಯುವ ತಳಿ. ಈ ಏರಿಕೆಯನ್ನು ಗೆರೆಯಾಗಿ ಎಳೆದರೆ ಇವೆರಡರ ಗೆರೆ ಸೇರುವುದು ಜಾಗದ ಸರಾಸರಿ ಸುಮಾರು 21 ಕ್ವಿಂಟಲ್ ಇರುವಲ್ಲಿ. ಅದಕ್ಕಿಂತ ಹೆಚ್ಚು ಬೆಳೆಯುವ ಹೊಲಕ್ಕೆ ಅ, ಕಡಿಮೆ ಬೆಳೆಯುವಲ್ಲಿ ಆ. ಏರಿಕೆಯ ಅಂಕಿ ಒಂದರ ಹತ್ತಿರ ಇದ್ದರೆ ಸ್ಥಿರ ಎಂದು ಇ ತಳಿಯನ್ನು ಹಿಡಿಯಬೇಡಿ, ಅದರ ಸರಾಸರಿಯೇ 20.25 ಇರುವಾಗ ಇಂಥ ಸ್ಥಿರತೆಯಿಂದ ರೈತನಿಗೆ ಏನೂ ದಕ್ಕುವುದಿಲ್ಲ.

ಇದು ಒಂದೇ ಹಂಗಾಮಿನ, ಮೂರೇ ತಳಿಯ ಲೆಕ್ಕ. ಮಳೆ ಬದಲಾದರೆ ಗೆರೆಯೂ ಸರಿಯುತ್ತದೆ. ಮುಂದಿನ ಎರಡು ಮುಂಗಾರಿಗೂ ಇದೇ ತಳಿಗಳನ್ನು, ಪ್ರತಿ ಜಾಗದಲ್ಲಿ ಮೂರು ಮೂರು ತುಂಡಿನಲ್ಲಿ, ಸ್ಥಳ ಅದಲುಬದಲು ಮಾಡಿ ಹಾಕಿ.

ಉತ್ತರ (ಜಮಖಂಡಿ):
ತೂಕ ಯಾವ ತೇವಾಂಶದಲ್ಲಿ ಮಾಡಿದ್ದೀರಿ? ದೀರ್ಘಾವಧಿ ತಳಿಯ ಕಾಳು ಕೊಯ್ಲಿನಲ್ಲಿ ಹಸಿ ಇರುತ್ತದೆ. ತೂಕವನ್ನು (100 ಕಳೆ ತೇವಾಂಶ) ಇಂದ ಗುಣಿಸಿ 85ರಿಂದ ಭಾಗಿಸಿದರೆ 15%ಗೆ ಸರಿಹೋಗುತ್ತದೆ. 25% ಇದ್ದ 100 ಕಿಲೋ 88 ಕಿಲೋಗೆ ಇಳಿಯುತ್ತದೆ. ಗಿಡಗಳನ್ನೂ ಎಣಿಸಿ. 60×20 ಸೆಂ.ಮೀ.ಗೆ ಎಕರೆಗೆ ಸುಮಾರು 33,000 ಇರಬೇಕು. ಸಿಂದಗಿಯಲ್ಲಿ ಅ ಸರಿಯಾಗಿ ಮೊಳೆಯದೆ ಜಾಗ ಖಾಲಿ ಬಿದ್ದಿದ್ದರೆ ತಪ್ಪು ತಳಿಯದಲ್ಲ.

ಉತ್ತರ (ವಿಜಯಪುರ):
ಸಿಂದಗಿಯ ತೆನೆ ಸುಲಿದು ನೋಡಿ. ಕಾಳು ಅಲ್ಲಲ್ಲಿ ಚದುರಿ ಕೂತಿದ್ದರೆ ಪರಾಗ ಸಿಕ್ಕಿಲ್ಲ: ತೇವ ಕಡಿಮೆಯಾದಾಗ ಗಂಡು ಹೂ ಸಮಯಕ್ಕೆ ಬಿಚ್ಚಿದರೂ ತೆನೆಯ ಎಳೆ (ಪರಾಗ ಹಿಡಿಯುವ ರೇಷ್ಮೆಯಂಥ ಕೂದಲು) ತಡವಾಗಿ ಹೊರಬರುತ್ತದೆ. ಬುಡದಲ್ಲಿ ತುಂಬಿ ತುದಿ ಮಾತ್ರ ಬೋಳಿದ್ದರೆ ಕಾಳು ಕಟ್ಟಿದ ಮೇಲೆ ಮಣ್ಣು ಒಣಗಿರಬಹುದು. ಮುಂದಿನ ಸಲ ಅರ್ಧ ಗಿಡಗಳಲ್ಲಿ ಗಂಡು ಹೂ ಬಂದ ದಿನ, ಅರ್ಧ ಗಿಡಗಳಲ್ಲಿ ಎಳೆ ಬಂದ ದಿನ ಎರಡನ್ನೂ ಬರೆದಿಡಿ. ಒಣ ಹೊಲದಲ್ಲೂ ಅಂತರ ಎರಡು-ಮೂರು ದಿನ ಮೀರದ ತಳಿಯನ್ನೇ ಸಿಂದಗಿ ಕಡೆಗೆ ಕಳಿಸಿ.